ಗಣ್ಯರನ್ನು ಸ್ವಾಗತಿಸಿದ ಕಂಠ

ಬೆಂಗಳೂರಿನಲ್ಲಿ ಕನ್ನಡ ಎಲ್ಲಿ ಉಳಿದಿದೆ ಎಂದು ಗೋಳಾಡುವವರು ಮೆಟ್ರೋ ಹತ್ತಬೇಕು. ಬೋಗಿಯಲ್ಲಿ ಅರ್ಧ ಜನ ಕಿವಿಗೆ ಇಯರ್‌ಫೋನ್ ತುರುಕಿಕೊಂಡಿರುತ್ತಾರೆ. ಉಳಿದವರು ‘ಟ್ರೇನಲ್ಲಿದೀನಿ, ಕಟ್ ಆಗ್ತಿದೆ’ ಎಂದು ಕೂಗುತ್ತಿರುತ್ತಾರೆ. ಈ ಗದ್ದಲದ ಮೇಲೆ ನಿರೂಪಕಿ ಅಪರ್ಣಾ ವಸ್ತಾರೆಯವರ ಕಂಠ, ಒಂಚೂರೂ ಬೇಸರಿಸಿಕೊಳ್ಳದೆ, ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆಗೆ ಎಂದು ತಿಳಿಸುತ್ತದೆ. ‘ನಾಡಪ್ರಭು ಕೆಂಪೇಗೌಡ’ ಎಂಬಲ್ಲಿ ‘ಭು’ ಎಂಬುದು ‘ಭು’ ಆಗಿಯೇ ಕೇಳಿಸುತ್ತದೆ. ಅಷ್ಟು ಸೊಗಸಾಗಿ ಹೇಳಿ ಮುಗಿಸಿದ ಮೇಲೆ ಇಳಿಯಬೇಕಾದವನು ಪಕ್ಕದವನ ಭುಜ ತಟ್ಟಿ ಕೇಳುತ್ತಾನೆ: ‘ಬಾಸ್, ಮೆಜೆಸ್ಟಿಕ್ ಬಂತಾ?’

ಈ ಕಂಠ ಸ್ಪೀಕರಿನೊಳಗೆ ಬಂದು ಸೇರಿದ ದಾರಿ ದೊಡ್ಡದು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಅಪರ್ಣಾ ಅವರಿಗೆ ಮೊದಲ ಚಿತ್ರ. ಪುಟ್ಟಣ್ಣನವರ ಕಣ್ಣಿಗೆ ಬಿದ್ದ ಹುಡುಗಿ ಎಂದರೆ ಗಾಂಧಿನಗರ ಕಾರು ಕಳಿಸಬೇಕಿತ್ತು. ಗಾಂಧಿನಗರಕ್ಕೆ ಅಷ್ಟು ಹೊತ್ತಿಗೆ ಬೇರೆ ಊರಿನ ನಾಯಕಿಯರನ್ನು ಕರೆತಂದು, ಕ್ಯಾಮೆರಾ ಮುಂದೆ ‘ಒನ್ ಟೂ ತ್ರೀ ಫೋರ್’ ಹೇಳಿಸಿ, ಆಮೇಲೆ ಡಬ್ಬಿಂಗ್ ಥಿಯೇಟರಿನ ಕತ್ತಲಲ್ಲಿ ಮಾತು ಕೂರಿಸುವ ರುಚಿ ಹತ್ತುತ್ತಿತ್ತು. ಮುಖ ಒಬ್ಬಳದು, ದನಿ ಇನ್ನೊಬ್ಬಳದು, ಪೋಸ್ಟರ್ ನಾಯಕನದು. ಮುಖವೂ ದನಿಯೂ ಒಬ್ಬಳಲ್ಲೇ ಇದ್ದರೆ ಈ ಏರ್ಪಾಡಿನಲ್ಲಿ ಆಕೆಗೆ ಜಾಗ ಹುಡುಕುವುದು ಕಷ್ಟ.

ಜಾಗ ಕೊಟ್ಟದ್ದು ಆಕಾಶವಾಣಿ ಮತ್ತು ದೂರದರ್ಶನ. ತೊಂಬತ್ತರ ದಶಕದಲ್ಲಿ ಚಂದನ ವಾಹಿನಿಯ ನಿರೂಪಕಿ ಎಂದರೆ ಅಪರ್ಣಾ. 1998ರ ದೀಪಾವಳಿಗೆ ಸತತ ಎಂಟು ಗಂಟೆ ನಿರೂಪಣೆ ಮಾಡಿ ದಾಖಲೆ ಬರೆದರು. ಇವತ್ತಿನ ನಿರೂಪಕರೂ ಎಂಟು ಗಂಟೆ ಮಾತಾಡಬಲ್ಲರು, ಅನುಮಾನ ಬೇಡ. ‘ಸೋ’, ‘ಆಕ್ಚುಲಿ’, ‘ವಾವ್’ ತೆಗೆದರೆ ಉಳಿಯುವುದು ಹತ್ತು ನಿಮಿಷ, ಅದರಲ್ಲೂ ಐದು ನಿಮಿಷ ಚಪ್ಪಾಳೆ. ಸುದ್ದಿ ವಾಹಿನಿಗಳಲ್ಲಂತೂ ವ್ಯಾಕರಣವೇ ಬೇರೆ. ಆಸನದಲ್ಲಿ ಹಾನೆ ದಾಳಿ ಮಾಡುತ್ತದೆ. ಹಾಸನದ ಆನೆ ಎಲ್ಲಿಗೆ ಹೋಯಿತೋ ಅರಣ್ಯ ಇಲಾಖೆಯೇ ಹುಡುಕಬೇಕು.

ಖಾಸಗಿ ವಾಹಿನಿಗಳ ಕಾಲದಲ್ಲಿ ‘ಮೂಡಲ ಮನೆ’, ‘ಮುಕ್ತ’ದಂಥ ಧಾರಾವಾಹಿಗಳಲ್ಲಿ ಅವರು ನಟಿಸಿದರು. ಸರ್ಕಾರಕ್ಕೂ ಅವರ ನೆನಪಿತ್ತು, ಸಮಾರಂಭ ಇದ್ದಾಗ. ನಾಡಿನ ಅತ್ಯಂತ ಚೆಂದದ ಕನ್ನಡಕ್ಕೆ ನಾವು ಒಪ್ಪಿಸಿದ ಕೆಲಸ ಏನೆಂದರೆ ವೇದಿಕೆಯ ಮೇಲೆ ಆಸೀನರಾದ ಗಣ್ಯರನ್ನು ಹೆಸರು ಹಿಡಿದು ಸ್ವಾಗತಿಸುವುದು. ಸನ್ಮಾನ್ಯರು, ಮಾನ್ಯರು, ಘನ ಉಪಸ್ಥಿತಿ ವಹಿಸಿದವರು, ಚೀಟಿ ಕಳಿಸಿ ಹೆಸರು ಸೇರಿಸಿಕೊಂಡವರು. ಪಟ್ಟಿ ಮುಗಿಯುವಾಗ ಆಕೆಯ ಕನ್ನಡ ಕೇಳಿ ಸಭಿಕರು ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದರು. ಆಗ ಮೈಕು ಗಣ್ಯರ ಕೈಗೆ ಹೋಗುತ್ತಿತ್ತು. ಸಭಿಕರು ಮತ್ತೆ ಒರಗಿಕೊಳ್ಳುತ್ತಿದ್ದರು.

ಮೆಟ್ರೋದಲ್ಲೂ ಅದೇ ಹುದ್ದೆ. ಗಣ್ಯರ ಬದಲು ನಿಲ್ದಾಣಗಳು. ನಿಲ್ದಾಣಗಳು ಭಾಷಣ ಮಾಡುವುದಿಲ್ಲ, ಅಷ್ಟು ನೆಮ್ಮದಿ.

2013ರಲ್ಲಿ ‘ಬಿಗ್ ಬಾಸ್’ ಕನ್ನಡದ ಮೊದಲ ಸೀಸನ್ನಿಗೆ ಹೋದರು. ಮಾತು ಬಲ್ಲವರನ್ನು ಮನೆಯಲ್ಲಿ ಕೂಡಿಹಾಕಿ, ಅವರು ಜಗಳಕ್ಕೆ ಎಷ್ಟು ಹೊತ್ತಿಗೆ ಇಳಿಯುತ್ತಾರೆಂದು ಕ್ಯಾಮೆರಾ ಇಟ್ಟು ಕಾಯುವ ಕಾರ್ಯಕ್ರಮ ಅದು. 2015ರಿಂದ ಕಾಮಿಡಿ ಷೋ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾದರು: ಬಿಂಕದ, ಪೆದ್ದುತನದ, ತನ್ನನ್ನು ತಾನೇ ಮೆಚ್ಚಿಕೊಳ್ಳುವ ವರು. ಮೂರು ದಶಕ ಕನ್ನಡವನ್ನು ಸ್ಫುಟವಾಗಿ ನುಡಿದಾಗ ಹೆಸರಿನ ಜೊತೆ ‘ಖ್ಯಾತ ನಿರೂಪಕಿ’ ಎಂದು ಬರೆದು ಕೈತೊಳೆದುಕೊಂಡ ನಾವು, ವರು ಬಂದಳೆಂದರೆ ಅಡುಗೆಮನೆಯಿಂದ ಓಡಿ ಬಂದು ಟೀವಿ ಮುಂದೆ ಕೂತೆವು. ನಿಜ ಹೇಳಬೇಕೆಂದರೆ ವರು ಅವರ ಅತ್ಯುತ್ತಮ ಕೆಲಸಗಳಲ್ಲೊಂದು. ಅದರಲ್ಲಿ ನನಗೆ ಕಂಡದ್ದು, ತಮ್ಮ ನಂತರ ಬಂದ ಅಷ್ಟೂ ನಿರೂಪಕಿಯರ ಬೆಡಗನ್ನು ಒಬ್ಬಳ ಮೈಮೇಲೆ ಆವಾಹಿಸಿಕೊಂಡ ಅಣಕ. ಅಣಕಕ್ಕೆ ಗುರಿಯಾದವರೇ ಹೆಚ್ಚು ಚಪ್ಪಾಳೆ ತಟ್ಟಿದ್ದರೆ ಆಶ್ಚರ್ಯವಿಲ್ಲ.

2024ರ ಜುಲೈ 11ರಂದು ಅವರು ತೀರಿಕೊಂಡರು, ಶ್ವಾಸಕೋಶದ ಕ್ಯಾನ್ಸರ್. ಮಾರನೆಯ ದಿನ ನಾಡಿಗೆ ನಾಡೇ ಅಚ್ಚಗನ್ನಡದ ಅಭಿಮಾನಿ. ‘ಅಪರ್ಣ ಮೇಡಂ ವಿ ಮಿಸ್ ಯುವರ್ ಕನ್ನಡ’ ಎಂಬ ಧಾಟಿಯ ಕಂಬನಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು, ಕೆಳಗೆ ಮುರಿದ ಹೃದಯದ ಚಿತ್ರ. ಸ್ಪಷ್ಟ ಉಚ್ಚಾರಣೆಯ ಮಹತ್ವದ ಬಗ್ಗೆ ಸ್ಟುಡಿಯೋಗಳಲ್ಲಿ ಚರ್ಚೆ. ‘ಹುಚ್ಚಾರಣೆ’ ಎಂದು ಅನೇಕರು ಒತ್ತಿ ಒತ್ತಿ ಹೇಳಿದರು.

ಅವರಂಥವರು ಮತ್ತೆ ಬರುವುದಿಲ್ಲ ಎಂಬುದು ಆ ದಿನದ ಒಮ್ಮತದ ನಿರ್ಣಯ. ಬರದಂತೆ ನೋಡಿಕೊಳ್ಳುವ ಏರ್ಪಾಡೂ ಪಕ್ಕಾ ಇದೆ. ವಾಹಿನಿಗಳ ಮುಂದಿನ ಜಾಹೀರಾತನ್ನು ನಾನೇ ಬರೆದುಕೊಡಬಲ್ಲೆ: ‘ನಿರೂಪಕಿಯರು ಬೇಕಾಗಿದ್ದಾರೆ. ವಯಸ್ಸು ಇಪ್ಪತ್ತೈದರೊಳಗೆ. ಇನ್‌ಸ್ಟಾಗ್ರಾಂ ಫಾಲೋವರ್ಸ್ ಲಕ್ಷ ದಾಟಿರಬೇಕು. ಕಾಸ್ಟ್ಯೂಮ್ ಸ್ವಂತ ಖರ್ಚು. ಅಕಾರ, ಹಕಾರ ಎರಡರಲ್ಲಿ ಯಾವುದಾದರೂ ಒಂದು ಬಂದರೆ ಸಾಕು. ಕನ್ನಡ ಪೂರ್ತಿ ಬರುವವರು ಅರ್ಜಿಯಲ್ಲೇ ತಿಳಿಸತಕ್ಕದ್ದು. ಅಂಥವರಿಗೆ ಕಾಮಿಡಿ ಷೋದಲ್ಲಿ ಪಾತ್ರ ಕೊಡಲಾಗುವುದು.’