ಪೊರೆ

ಮೈಸೂರು ಮೃಗಾಲಯದಲ್ಲಿ ನಾನು ತೆಗೆದ ಮೊದಲ ನಾಗರಹಾವಿನ ಚಿತ್ರದಲ್ಲಿ ಒಂದು ಬೋಳುತಲೆ, ಒಂದು ಕನ್ನಡಕ, ಯಾವುದೋ ಮಗುವಿನ ಐದು ಬೆರಳಿನ ಗುರುತು ಚೆನ್ನಾಗಿ ಮೂಡಿದ್ದವು. ಹಾವೂ ಇತ್ತು, ಹಿಂದೆಲ್ಲೋ ಮಸುಕಾಗಿ. ಬೋಳುತಲೆ ನನ್ನದು. ಗಾಜಿನಾಚೆಯ ಹಾವಿಗಿಂತ ಗಾಜಿನ ಮೇಲಿನ ನಾನೇ ಕ್ಯಾಮೆರಾಗೆ ಹಿಡಿಸಿದ್ದೆ. 1892ರಿಂದ ಪ್ರಾಣಿಗಳನ್ನು ತೋರಿಸುತ್ತಿರುವ ಜಾಗದಲ್ಲಿ ನಾನೂ ಒಂದು ಬೋನಿನಲ್ಲಿ ನಿಂತಂತಾಯಿತು.

ಆಮೇಲೆ ಹರಿದ ಕೊಡೆಯ ಕರಿಬಟ್ಟೆಗೆ ತೂತು ಕೊಯ್ದು ಲೆನ್ಸಿಗೆ ತೊಡಿಸಿ, ಗಾಜಿಗೆ ನೇರವಾಗಿ ಆನಿಸಿ ಹಿಡಿಯುವುದನ್ನು ಕಲಿತೆ. ಓರೆಯಾದರೆ ಗಾಜಿನ ದಪ್ಪವೇ ಚಿತ್ರವನ್ನು ಕಲಕುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಹಾವಿನ ಬದಲು ಸೂರ್ಯೋದಯ ಬರುತ್ತದೆ. ಮ್ಯಾಕ್ರೊ ಲೆನ್ಸಿನಲ್ಲಿ ತೀರ ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಪದರ ಅಕ್ಕಿಕಾಳಿನಷ್ಟು. ಕಣ್ಣು ಸಿಕ್ಕರೆ ಮೂತಿ ಹೋಯಿತು, ಮೂತಿ ಸಿಕ್ಕರೆ ಕಣ್ಣು. ಇನ್ನು ಆ ಸೀಳುನಾಲಿಗೆ! ಗಾಳಿಯ ವಾಸನೆಯನ್ನು ಬಾಚಿ ಅಂಗುಳಕ್ಕೆ ಒಯ್ಯುವ ಅದರ ವೇಗಕ್ಕೆ ನನ್ನ ಬೆರಳು ಎಂದೂ ಸಾಟಿಯಾಗಿಲ್ಲ. ನಾಲಿಗೆ ಒಳಹೋದ ಮರುಕ್ಷಣದ ಚಿತ್ರಗಳು ನನ್ನಲ್ಲಿ ಇನ್ನೂರಾದರೂ ಇವೆ.

ಹಾಗೆಂದು ಹಾವನ್ನು ದೂರುವಂತಿಲ್ಲ. ನಮ್ಮ ಕಡೆಯ ಯಾವ ಮದುವೆಯ ಗ್ರೂಪ್ ಫೋಟೋದಲ್ಲೂ ಭಾವಮೈದುನ ಕಣ್ಣು ಬಿಟ್ಟದ್ದಿಲ್ಲ. ಹಾವಿಗೆ ಮುಚ್ಚಲು ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ತಿಳಿಯಾದೊಂದು ಹುರುಪೆ, ವಾಚಿನ ಗಾಜಿನ ಹಾಗೆ. ನನ್ನ ಕನ್ನಡಕ, ಲೆನ್ಸು, ಗೂಡಿನ ಗಾಜು, ಅದರ ಕಣ್ಣಗಾಜು – ನಮ್ಮಿಬ್ಬರ ಭೇಟಿ ಇಷ್ಟನ್ನು ದಾಟಿ ಆಗಬೇಕು. ಸಾಲದ್ದಕ್ಕೆ ನಾಗರ ಹೆಡೆಯ ಬೆನ್ನಿಗೂ ಒಂದು ಕನ್ನಡಕ ಬರೆಸಿಕೊಂಡಿದೆ. ಸಿಂಬೆ ಸುತ್ತಿ ಮಲಗಿದ್ದು ನನಗಾಗಿ ಅದನ್ನು ಬಿಚ್ಚಿ ತೋರಿಸುವ ಉತ್ಸಾಹವಂತೂ ಇಲ್ಲ. ಹೆಡೆ ಎತ್ತಲಿ ಎಂದು ಗಾಜು ಬಡಿಯುವವರಿದ್ದಾರೆ. ಹಾವಿಗೆ ಹೊರಗಿವಿ ಇಲ್ಲದಿರಬಹುದು, ಆ ಅದುರು ಮೈಗೆ ತಾಗುತ್ತದೆ. ಒಬ್ಬ ಅಜ್ಜಿ ಮಾತ್ರ ಗಾಜಿಗೆ ಕೈಮುಗಿದು ನನ್ನತ್ತ ತಿರುಗಿದರು: “ಜಾಸ್ತಿ ಫೋಟಾ ಹಿಡೀಬ್ಯಾಡ ಕಣಪ್ಪ. ಅದೂ ಕಣ್ಣಲ್ಲೇ ನಿನ್ನ ಫೋಟಾ ಹಿಡ್ಕತದೆ.”

ಕಳೆದ ತಿಂಗಳು ಏನು ಮಾಡಿದರೂ ಕಣ್ಣು ಮಬ್ಬು. ಲೆನ್ಸು ಒರೆಸಿದೆ, ಕನ್ನಡಕ ಒರೆಸಿದೆ, ಗಾಜನ್ನೂ ಒರೆಸಿದೆ. ಹಾವಿನ ಕಣ್ಣು ಹಾಲು ಬೆರೆತ ನೀಲಿ. ನೋಡಿಕೊಳ್ಳುವಾತ ಹಿಂದಿನಿಂದ, “ಪೊರೆ ಬಂದದೆ ಸಾ” ಎಂದ.

ಎದೆ ಧಸಕ್ಕೆಂದಿತು. ಹಿಂದಿನ ವಾರವಷ್ಟೇ ಕಣ್ಣಿನ ಡಾಕ್ಟರು ನನ್ನ ಎಡಗಣ್ಣನ್ನು ನೋಡಿ ಇದೇ ಮಾತು ಹೇಳಿದ್ದರು. “ಪಾಪ, ಆಪರೇಷನ್ ಯಾವಾಗ?” ಎಂದು ಕೇಳಿಬಿಟ್ಟೆ.

“ಯಾಕ್ ಸಾ ಆಪ್ರೇಸನ್ನು? ಅದೇ ಬುಟ್ಟುಬುಡ್ತದೆ.”

ಹಳೆ ಚರ್ಮಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬಿ ಕಣ್ಣು ಮಬ್ಬಾಗುತ್ತದಂತೆ. ಕೆಲದಿನಕ್ಕೆ ತಿಳಿಯಾಗುತ್ತದೆ, ಆಮೇಲೆ ಪೊರೆ ಕಳಚುತ್ತದೆ. ಹತ್ತು ದಿನ ಬಿಟ್ಟು ಹೋದಾಗ ಆತ ಪೊರೆಯನ್ನೇ ಎತ್ತಿಟ್ಟಿದ್ದ. ಕಾಲುಚೀಲದಂತೆ ಒಳಮಗ್ಗಲು ಹೊರಗಾಗಿತ್ತು. ತಲೆಯ ಭಾಗದಲ್ಲಿ ಎರಡು ಪುಟ್ಟ ದುಂಡು ಗಾಜು: ಹಳೆಯ ಕನ್ನಡಕವನ್ನೂ ಬಟ್ಟೆಯ ಜೊತೆಗೇ ಬಿಚ್ಚಿ ಎಸೆದಿದೆ! ನನಗೋ ಡಾಕ್ಟರು ಮೂರು ಬಗೆಯ ಲೆನ್ಸಿನ ರೇಟುಪಟ್ಟಿ ಕೊಟ್ಟಿದ್ದಾರೆ, ಅದನ್ನು ಓದುವುದಕ್ಕೂ ಭೂತಗನ್ನಡಿ ಬೇಕು.

ಆ ದಿನದ ಚಿತ್ರಗಳನ್ನು ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ ಹಿಗ್ಗಿಸಿದೆ. ಮೂತಿ ಎಂದಿನಂತೆ ಮಬ್ಬು. ಕಣ್ಣು ಮಾತ್ರ ಈಗತಾನೇ ತೊಳೆದಿಟ್ಟ ನೇರಳೆಹಣ್ಣು. ಇನ್ನಷ್ಟು ಹಿಗ್ಗಿಸಿದರೆ ಅದರೊಳಗೆ ಒಂದು ಟ್ಯೂಬ್‌ಲೈಟು, ಕೊಡೆಯ ಕರಿಬಟ್ಟೆ, ಅದರ ಮೇಲೊಂದು ಬೋಳುತಲೆ. ನಾನು ತೆಗೆದದ್ದಕ್ಕಿಂತ ಚೆನ್ನಾಗಿ ಬಂದಿತ್ತು.