ಗಾಳ ಪ್ರೈವೇಟ್ ಲಿಮಿಟೆಡ್

ಬೆಂಗಳೂರಿನ ಕೆಲಸ ಬಿಟ್ಟು ಕಾವೇರಿ ದಡದ ಮುತ್ತತ್ತಿಗೆ ಬಂದ ಅಳಿಯ ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ಪ್ರವಾಸಿಗರಿಗೆ ಗಾಳ ಹಾಕಿಸುವ ಕಂಪನಿಗೆ ಲೋಗೋ, ಟೀ ಶರ್ಟ್, ವಿಸಿಟಿಂಗ್ ಕಾರ್ಡ್ ಎಲ್ಲ ಸಿದ್ಧ. ಬಾಕಿಯಿದ್ದದ್ದು ಮೀನು ಮಾತ್ರ.

ಭೀಮೇಶ್ವರಿಯ ಗಾಳದ ಕ್ಯಾಂಪಿನಲ್ಲಿ ಗೈಡಾಗಿದ್ದ ಮಾವ ಬೀಡಿ ಹಚ್ಚಿದರು.

“1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಮೀನು ಹಿಡಿದ್ರಂತೆ. ಅದೇ ನಮ್ಮ ಜಾಹೀರಾತು, ಮಾವ.”

“ಅದು ಕಬಿನೀಲಿ ಕಣಪ್ಪ. ಗಾಳಕ್ಕೇನು ಸಿಕ್ಕಿಸ್ತೀಯ?”

“ಇಂಪೋರ್ಟೆಡ್ ಲ್ಯೂರ್.”

“ಇಂಗ್ಲೆಂಡಿಂದ ಬಂದೋರೇ ರಾಗಿ ಉಂಡೆ ಸಿಕ್ಕಿಸ್ತಿದ್ರು. ನೀನು ರಾಗಿ ಉಂಡು ಬೆಳೆದೋನು!”

“ಹಿಡಿದು, ಫೋಟೋ ತೆಗೆದು, ನೀರಿಗೇ ಬಿಡ್ತೀವಿ.”

“ನಾವೂ ಬಿಡ್ತಿದ್ವಿ. ಕದ್ದು ಮೀನು ಹಿಡೀತಿದ್ದೋರನ್ನೇ ಗೈಡು, ಕಾವಲುಗಾರ ಮಾಡಿದ್ರು. ಆಮೇಲೆ ಗಾಳಾನೇ ನಿಂತೋಯ್ತು. ಇದು ಅಭಯಾರಣ್ಯ. 1972ರ ಕಾಯ್ದೇಲಿ ಹಿಡಿಯೋದೂ ಬೇಟೆನೇ, ಆಮೇಲೆ ಬಿಟ್ರೂ ಅಷ್ಟೇ.”

ಅಳಿಯ ಗೂಗಲಿಸಿದ. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನಿಗಳು ಸರಿಯಾದ ಹೆಸರು ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೂ ಸೇರಿತು. ನಾಮಕರಣ ಮುಗಿಸಿ ತೊಟ್ಟಿಲಿನಿಂದ ನೇರ ಐಸಿಯುಗೆ ಹೋದ ಹಾಗೆ.

“ಕೆರೇಲಿ ಮಾಡೋಣ್ವಾ?”

“ಕೆರೆ ಮೀನು ಹರಾಜಾಗಿರ್ತದೆ. ಗುತ್ತಿಗೆದಾರ ನಿನ್ನ ಲೋಗೋ ನೋಡಿ ಬಿಟ್ಟಾನಾ?”

ಅಳಿಯ ಸೋಲಲಿಲ್ಲ. ಹೊಸ ಪ್ಯಾಕೇಜ್ ಟೈಪಿಸಿದ: ‘ಹರಿಗೋಲಿನಲ್ಲಿ ಮಹಶೀರ್ ಧ್ಯಾನ. ಗಾಳವಿಲ್ಲ, ಮೀನಿಲ್ಲ, ಹಣ ವಾಪಸಿಲ್ಲ.’

“ಹರಿಗೋಲಿಗೂ ಪರ್ಮಿಶನ್ ಬೇಕು. ಇರಲಿ, ನನಗೇನು ಕೊಡ್ತೀಯ?”

“ಷೇರು, ಮಾವ.”

“ಮೀನಿಂದಾ?”

“ಕಂಪನೀದು.”

“ಅದರಲ್ಲಿ ಮುಳ್ಳು ಜಾಸ್ತಿ. ದಿನಗೂಲಿ ಕೊಡು, ಸಾಯಂಕಾಲಕ್ಕೇ.”