ಗೋಪುರ ಕಂಡ್ರೆ ಸಾಕು

ಅಕ್ಕಾ, ನಿಮ್ಮ ಮೊಮ್ಮಗಳು ನಿನ್ನೆ ಫೋನಿನಲ್ಲಿ ಡಿಸ್ನಿಲ್ಯಾಂಡ್, ಡಿಸ್ನಿಲ್ಯಾಂಡ್ ಅಂತ ಕೂಗಿದ್ದು ಈ ದಾಸವಾಳದ ಬೇಲಿ ದಾಟಿ ನಮ್ಮ ಅಡುಗೆಮನೆಗೂ ಕೇಳಿಸ್ತು. ಅದಕ್ಕೆ ನೀವು, "ಅಷ್ಟು ಜನದಲ್ಲಿ ನನಗೆಲ್ಲಿ ದಾರಿ ಗೊತ್ತಾಗತ್ತೆ, ನೀವು ಹೋಗಿ, ನಾನು ಮನೇಲೇ ಇರ್ತೀನಿ" ಅಂದ್ರಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ಕ್ಯಾಲಿಫೋರ್ನಿಯಾದವರೆಗೂ ಹೋಗಿ ಮಗು ಜೊತೆ ಅಲ್ಲಿಗೆ ಹೋಗದೆ ಇರ್ತಾರಾ? ಅದೂ ನಂಜನಗೂಡಿನವರಾಗಿ!

ನನಗೆ ಏಳು ವರ್ಷ ಇದ್ದಾಗ ದೊಡ್ಡಜಾತ್ರೇಲಿ ಅಪ್ಪನ ಕೈ ಬಿಟ್ಟುಹೋಯ್ತು. ಐದು ತೇರು, ಕಾಲಿಡೋಕೆ ಜಾಗ ಇಲ್ಲದ ಜನ. ಅಪ್ಪ ಬೆಳಿಗ್ಗೇನೇ ಹೇಳಿಟ್ಟಿದ್ರು, ತಪ್ಪಿಸಿಕೊಂಡ್ರೆ ನಮ್ಮನ್ನ ಹುಡುಕಬೇಡ, ಗೋಪುರ ನೋಡ್ಕೊಂಡು ಬಂದು ಅದರ ಬುಡದಲ್ಲಿ ನಿಂತ್ಕೋ ಅಂತ. ಅಳ್ತಾ ಅಳ್ತಾ ತಲೆ ಎತ್ತಿದೆ. ಸುಮಾರು 120 ಅಡಿ ಗೋಪುರ, ಕಾಣದೇ ಇರತ್ತಾ? ಬಂದು ನಿಂತೆ, ಅಪ್ಪ ಆಗಲೇ ಅಲ್ಲಿದ್ರು.

ಡಿಸ್ನಿಲ್ಯಾಂಡ್ ಕೂಡ ಹಾಗೇನೇ ಅಕ್ಕ. ರೈಲುಹಳಿಯ ಕೆಳಗೆ ನುಸುಳಿ ಒಳಗೆ ಹೋದ್ರೆ ನೆಟ್ಟಗೆ ಒಂದು ಬೀದಿ, ತುದೀಲಿ ಸ್ಲೀಪಿಂಗ್ ಬ್ಯೂಟಿಯ ಕೋಟೆ. ನಾನು ಆ ಬೀದೀಲಿ ನಿಂತಾಗ ನಮ್ಮ ರಥಬೀದೀನೇ ನೆನಪಾಯ್ತು. ಆ ಕೋಟೆ 77 ಅಡಿ ಅಷ್ಟೆ. ಮೇಲೆ ಹೋದ ಹಾಗೆ ಕಲ್ಲುಗಳನ್ನ ಚಿಕ್ಕದು ಮಾಡಿದಾರೆ, ಅದಕ್ಕೇ ಇನ್ನೂ ಎತ್ತರ ಕಾಣತ್ತೆ. ನಮ್ಮ ಗೋಪುರದ ನೆಲೆಗಳೂ ಮೇಲೆ ಹೋಗ್ತಾ ಹೋಗ್ತಾ ಕಿರಿದಾಗಲ್ವಾ?

ಕೋಟೆ ಮುಂದೆ ಒಂದು ದುಂಡನೆ ಸರ್ಕಲ್ಲು. ಎಡಕ್ಕೆ ಹೋದ್ರೆ ಕಾಡು, ಸಾಹಸ, ಹಳೇ ಅಮೆರಿಕ. ಬಲಕ್ಕೆ ರಾಕೆಟ್ಟು, ಬಾಹ್ಯಾಕಾಶ. ಕೋಟೆ ಬಾಗಿಲು ದಾಟಿದ್ರೆ ಮಕ್ಕಳ ಕಥೆಗಳ ಲೋಕ. ಎಲ್ಲಿ ಸುತ್ತಿದ್ರೂ ತಿರುಗಿ ಆ ಸರ್ಕಲ್ಲಿಗೆ ಬರಬಹುದು. ಅಲ್ಲಿ ವಾಲ್ಟ್ ಡಿಸ್ನಿ ಮಿಕ್ಕಿಮೌಸ್ ಕೈ ಹಿಡ್ಕೊಂಡು ನಿಂತಿರೋ ಪ್ರತಿಮೆ ಇದೆ, ಅದನ್ನೇ ಗುರುತು ಮಾಡ್ಕೊಳ್ಳಿ. ಯಾರು ಯಾರಿಂದ ತಪ್ಪಿಸಿಕೊಂಡ್ರೂ ಅದರ ಹತ್ರ ಬರೋದು ಅಂತ ಒಳಗೆ ಕಾಲಿಡೋ ಮೊದಲೇ ಮೊಮ್ಮಗಳ ಬಾಯಲ್ಲಿ ಎರಡು ಸಲ ಹೇಳಿಸಿ. ಅವರಪ್ಪನ ಫೋನ್ ನಂಬರು ಚೀಟೀಲಿ ಬರೆದು ಅವಳ ಜೇಬಿಗೂ ಹಾಕಿ.

ಆ ಕೋಟೆ ಥರ ದೂರದಿಂದ ಕಣ್ಣು ಸೆಳೆದು ಜನರನ್ನ ನಡೆಸೋ ಗುರುತಿಗೆ ಡಿಸ್ನಿ ಇಟ್ಟಿದ್ದ ಹೆಸರು ವೀನಿ. ಅಂದ್ರೆ ಸಾಸೇಜು, ಅದನ್ನ ತೋರಿಸಿದ್ರೆ ನಾಯಿ ಹಿಂದೆ ಬರತ್ತಲ್ಲ, ಹಾಗೆ. ನಾವು ಕರುವಿಗೆ ಹಸಿಹುಲ್ಲು ತೋರಿಸ್ತೀವಿ ನೋಡಿ. ಜನ ನಕ್ಷೆ ಬಿಡಿಸಿ ಓದೋದಿಲ್ಲ, ಕಣ್ಣಿಗೆ ಚೆಂದ ಕಂಡ ಕಡೆಗೆ ನಡೀತಾರೆ ಅಂತ ಆತನಿಗೆ ಗೊತ್ತಿತ್ತು. 1955ರ ಜುಲೈ 17ಕ್ಕೆ ಶುರುವಾದ ಜಾಗ, ಆ ಲೆಕ್ಕಾಚಾರ ಇವತ್ತಿಗೂ ನಡೀತಿದೆ.

ಇನ್ನೊಂದು ಮಾತು. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಹೆಣ್ಣುಮಕ್ಕಳು ಮರದ ಕುದುರೆ ಮೇಲೆ ಸುತ್ತೋವಾಗ ಡಿಸ್ನಿ ಬೆಂಚಿನ ಮೇಲೆ ಕೂತು ಕಾಯ್ತಿದ್ರಂತೆ. ಹೆತ್ತವರೂ ಮಕ್ಕಳೂ ಒಟ್ಟಿಗೆ ಸಂತೋಷಪಡೋ ಜಾಗ ಬೇಕು ಅಂತ ಆಗ ಅನ್ನಿಸಿತಂತೆ. ಬೆಂಚಿನ ಮೇಲೆ ಕೂತಿದ್ದವರಿಗೋಸ್ಕರ ಹುಟ್ಟಿದ ಜಾಗ ಅಕ್ಕ ಅದು, ನೀವು ಮನೇಲಿ ಕೂತ್ರೆ ಹೇಗೆ?

ನಿಮ್ಮ ಮಂಡಿನೋವಿಗೆ ರೈಲಿದೆ. ಇಡೀ ಪಾರ್ಕನ್ನ ಒಂದು ಸುತ್ತು ಹಾಕತ್ತೆ, ನಾಲ್ಕು ಸ್ಟೇಷನ್ನು. ಮೊದಲು ಅದರಲ್ಲಿ ಒಂದು ಸುತ್ತು ಬನ್ನಿ, ಪ್ರದಕ್ಷಿಣೆ ಹಾಕಿದ ಹಾಗೆ. ಯಾವುದು ಎಲ್ಲಿದೆ ಅನ್ನೋದು ಮನಸ್ಸಿನಲ್ಲಿ ಕೂರತ್ತೆ. ಸ್ಪೇಸ್ ಮೌಂಟನ್ನಿಗೆ 40 ಇಂಚು ಎತ್ತರ ಇಲ್ಲದ ಮಕ್ಕಳನ್ನ ಬಿಡಲ್ಲ, ಮೊಮ್ಮಗಳನ್ನ ಮನೇಲೇ ಗೋಡೆಗೆ ನಿಲ್ಲಿಸಿ ಅಳೀರಿ, ಬಾಗಿಲ ಹತ್ರ ಹೋಗಿ ಅಳೋದು ಬೇಡ. ಸ್ಮಾಲ್ ವರ್ಲ್ಡ್ ಅಂತ ದೋಣಿ ಇದೆ, ಅದರಲ್ಲಿ ನೀವಿಬ್ಬರೂ ಪಕ್ಕಪಕ್ಕ ಕೂರಬಹುದು. ಬೊಂಬೆಗಳ ಮಧ್ಯೆ ಮೆಲ್ಲಗೆ ತೇಲ್ಕೊಂಡು ಹೋಗತ್ತೆ. ನಮ್ಮ ದೇಶದ ಬೊಂಬೆಗಳೂ ಇವೆ, ಅವಳಿಗೆ ತೋರಿಸಿ.

ಮೊಸರನ್ನಾನಾ? ಧಾರಾಳವಾಗಿ ತಗೊಂಡು ಹೋಗಿ, ಬಿಡ್ತಾರೆ. ಗಾಜಿನ ಸೀಸೆ ಮಾತ್ರ ಬಿಡಲ್ಲ, ಉಪ್ಪಿನಕಾಯಿಗೆ ಪ್ಲಾಸ್ಟಿಕ್ ಡಬ್ಬಿ ಇಟ್ಕೊಳ್ಳಿ. ತಡೀರಿ, ನನ್ನ ಹತ್ರ ಒಂದು ಗಟ್ಟಿ ಮುಚ್ಚಳದ್ದಿದೆ, ಕೊಡ್ತೀನಿ.